ಗೇಮ್‌ಪ್ಯಾಡ್ ಇದ್ದರೆ ಆರ್‌ಸಿ ವಿಮಾನ ಕಲಿಯಬಹುದೇ? ಒಂದು ಸ್ಪಷ್ಟನೆ

‘ಆರ್‌ಸಿ ವಿಮಾನ ಹಾರಿಸೋಕೆ ಸಿಮ್ಯುಲೇಟರ್, ಗೇಮ್‌ಪ್ಯಾಡ್ ಇದ್ದರೆ ಸಾಕು, ವಾರದಲ್ಲಿ ರೆಡಿ’ ಎಂಬ ಮಾತು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಆರ್‌ಸಿ ವಿಮಾನ ಎಂದರೆ ನೆಲದಲ್ಲಿ ನಿಂತು ರೇಡಿಯೊ ರಿಮೋಟ್‌ನಿಂದ ಹಾರಿಸುವ ಪುಟ್ಟ ವಿಮಾನ. ಆ ಮಾತಿನಲ್ಲಿ ಅರ್ಧ ಮಾತ್ರ ನಿಜ.

ಸಿಮ್ಯುಲೇಟರ್, ಅಂದರೆ ಕಂಪ್ಯೂಟರ್ ಪರದೆಯ ಮೇಲೆ ಹಾರಾಟ ಅಭ್ಯಾಸ ಮಾಡಿಸುವ ತಂತ್ರಾಂಶ, ಚೆನ್ನಾಗಿ ಕಲಿಸುವುದು ದಿಕ್ಕಿನ ಅಂದಾಜನ್ನು. ವಿಮಾನ ನಮ್ಮತ್ತ ಬರುವಾಗ ಸ್ಟಿಕ್ ಬಲಕ್ಕೆ ತಳ್ಳಿದರೆ ಅದು ನಮ್ಮ ಎಡಕ್ಕೆ ವಾಲುತ್ತದೆ. ಹೊಸಬರು ತಬ್ಬಿಬ್ಬಾಗುವುದು ಇಲ್ಲೇ. ಕೈಗೆ ರೂಢಿಯಾಗುವವರೆಗೆ ಪರದೆಯ ಮೇಲೆ ಎಷ್ಟು ಸಲ ಬೀಳಿಸಿದರೂ ಖರ್ಚಿಲ್ಲ.

ಆದರೆ ಗೇಮ್‌ಪ್ಯಾಡ್ ಬೇಡ. ಅದರ ಸ್ಟಿಕ್‌ಗಳು ಗಿಡ್ಡ, ಬಿಟ್ಟೊಡನೆ ನಡುವಿಗೆ ಮರಳುತ್ತವೆ. ವಿಮಾನದ ಟ್ರಾನ್ಸ್‌ಮಿಟರ್‌ನಲ್ಲಿ (ಕೈಯಲ್ಲಿ ಹಿಡಿಯುವ ರಿಮೋಟ್) ಥ್ರಾಟಲ್, ಅಂದರೆ ಎಂಜಿನ್ ಅಥವಾ ಮೋಟಾರಿನ ಶಕ್ತಿ ಹೆಚ್ಚು ಕಡಿಮೆ ಮಾಡುವ ಸ್ಟಿಕ್, ಬಿಟ್ಟಲ್ಲೇ ನಿಲ್ಲುತ್ತದೆ. ತಪ್ಪು ಅಭ್ಯಾಸ ಅಂಟಿದರೆ ಬಿಡಿಸುವುದು ಕಷ್ಟ. ನಿಮ್ಮದೇ ಟ್ರಾನ್ಸ್‌ಮಿಟರನ್ನು ಯುಎಸ್‌ಬಿ ಕೇಬಲ್ ಅಥವಾ ಡಾಂಗಲ್‌ನಿಂದ ಕಂಪ್ಯೂಟರ್‌ಗೆ ಜೋಡಿಸಿ. ಸಿಮ್ಯುಲೇಟರ್‌ಗಳ ಪೈಕಿ ರಿಯಲ್‌ಫ್ಲೈಟ್‌ಗೆ ದುಡ್ಡು ಕೊಡಬೇಕು, ಪಿಕಾಸಿಮ್ ಉಚಿತ. ಶುರುವಿಗೆ ಉಚಿತದ್ದೇ ಧಾರಾಳ ಎನ್ನುತ್ತೇನೆ.

ಇನ್ನು ‘ವಾರದಲ್ಲಿ ರೆಡಿ’ ಎಂಬುದು. ಕಣ್ಣಿಗೆ ಹೊಡೆಯುವ ಬಿಸಿಲು, ದೂರದ ಅಂದಾಜು, ಗುರುತ್ವ ಕೇಂದ್ರ ಸರಿಹೊಂದಿಸುವುದು, ಹಾರಿಸುವ ಮುನ್ನ ಏಲರಾನ್ (ವಿಮಾನವನ್ನು ಎಡಬಲಕ್ಕೆ ವಾಲಿಸುವ, ರೆಕ್ಕೆಯ ಹಿಂಅಂಚಿನ ಪಟ್ಟಿ) ಸರಿಯಾದ ದಿಕ್ಕಿಗೆ ತಿರುಗುತ್ತಿದೆಯೇ ಎಂದು ನೋಡುವುದು, ಇವೆಲ್ಲ ಮೈದಾನದಲ್ಲೇ ಕಲಿಯಬೇಕಾದವು. ಮೊದಲ ಹಾರಾಟಕ್ಕೆ ಅನುಭವಿಯೊಬ್ಬರು ಪಕ್ಕದಲ್ಲಿರಲಿ. ಎರಡು ಟ್ರಾನ್ಸ್‌ಮಿಟರ್‌ಗಳನ್ನು ಬೆಸೆಯುವ ಬಡಿ ಬಾಕ್ಸ್ ವ್ಯವಸ್ಥೆಯಿದ್ದರೆ, ಎಡವಟ್ಟಾದ ಕ್ಷಣವೇ ಅವರು ವಿಮಾನವನ್ನು ತಮ್ಮ ಹಿಡಿತಕ್ಕೆ ತೆಗೆದುಕೊಳ್ಳಬಹುದು.