ಫ್ಯಾನ್ ತಿರಗಿದ್ರ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡೋ ಡಬ್ಬಿ) ಚಲೋ ಐತಿ ಅಂತ ಯಾರು ಹೇಳ್ಯಾರ?

47 ಪರ್ಸೆಂಟ್. ಹಳೇ ಕಂಪ್ಯೂಟರಿಗೆ ವಿಂಡೋಸ್ 10 ಹಾಕುವಾಗ ಸೆಟಪ್ ನಾಲ್ಕು ಸಲ ಅಲ್ಲೇ ನಿಂತೈತಿ. ಒಮ್ಮಿ ಮಾತ್ರ 46ಕ್ಕ ನಿಂತಿತ್ತು, ಅದನ್ನೂ ಚೀಟಿಯೊಳಗ ಬರದಿತ್ತು. ಆ ಚೀಟಿ ರಿಪೇರಿ ಅಂಗಡಿಯಂವ ಓದಲೇ ಇಲ್ಲ. ಅದರ ಮ್ಯಾಲ ಚಾದ ಕಪ್ ಇಟ್ಟ.

ಕೇಳಿದ್ದು ಏನು? ಹೊಸಾದು ಕೊಡ್ರಿ ಅಂದಿಲ್ಲ, ಪುಕ್ಕಟ ರಿಪೇರಿ ಮಾಡ್ರಿ ಅಂದಿಲ್ಲ. ಚಾಲೂ ಇರೋ ಒಂದು ಬದಲಿ ಎಸ್‌ಎಂಪಿಎಸ್ ಹಚ್ಚಿ ವಿಂಡೋಸ್ ಸೆಟಪ್ 47 ದಾಟತೈತೇನು ನೋಡೂಣು, ಇಪ್ಪತ್ತು ನಿಮಿಷ ಸಾಕು, ಅದಕ್ಕ ಎಷ್ಟ ಆಗತೈತಿ ರೊಕ್ಕ ತಗೋರಿ ಅಂತ ಕೇಳಿದ್ದು. ಅದಕ್ಕ ಅಂವ ಏನ್ ಮಾಡಿದ ಗೊತ್ತೇನು? ಎಸ್‌ಎಂಪಿಎಸ್‌ದಿಂದ ಮದರ್‌ಬೋರ್ಡಿಗೆ ಹೋಗೋ 24 ಪಿನ್ ಕನೆಕ್ಟರ್ ಕಿತ್ತ. ಕಾಗದಕ್ಕ ಹಾಕೋ ಪಿನ್ನೊಂದು ಬಗ್ಗಿಸಿ ಹಸಿರು ವಾಯರ್, ಕರೆ ವಾಯರ್ ಎರಡಕ್ಕೂ ತುರುಕಿದ. ಫ್ಯಾನ್ ತಿರಗಿತು. ಕೌಂಟರ್ ಮುಂದ ನಿಂತ ಐದಾರು ಮಂದಿ ಕಡೆ ಡಬ್ಬಿ ತಿರುವಿ ಹಿಡದು, "ನೋಡ್ರಿ, ತಿರಗಾಕತ್ತೈತಿ. ಎಸ್‌ಎಂಪಿಎಸ್ ಗಟ್ಟಿ ಐತಿ. ಬೋರ್ಡ್ ಹೋಗೈತಿ" ಅಂದ. ವೋಲ್ಟೇಜ್ ಬೀಳಾಕತ್ತೈತ್ರಿ, ಅಳದೀನಿ ಅಂದ್ರ, "ಮೀಟರ್ ಹಿಡದು ಕಂಪ್ಯೂಟರ್ ನೋಡ್ತಾರೇನ್ರಿ? ಇದು ಬೋರಿನ ಮೋಟರ್ ಅಲ್ಲ!" ಅಂದ. ನಿಂತವರೆಲ್ಲ ನಕ್ಕರು. ಪ್ರಿಂಟರಿಗೆ ಇಂಕ್ ತುಂಬಿಸಾಕ ಬಂದ ಸಣ್ಣ ಹುಡುಗನೂ ನಕ್ಕ. ಮನಿಗೆ ಬಂದು ಉಂಡಾದ್ರೂ ಆ ನಗು ಕಿವಿಯಾಗಿಂದ ಹೋಗವಲ್ದು.

ಹಸಿರು ಮತ್ತು ಕರೆ ವಾಯರ್ ಕೂಡಿಸಿದ್ರ ಗೊತ್ತಾಗೋದು ಒಂದ: ಎಸ್‌ಎಂಪಿಎಸ್ ಚಾಲೂ ಆಗತೈತಿ. ಅಷ್ಟ. ಲೋಡ್ ಬಿದ್ದಾಗ ವೋಲ್ಟೇಜ್ ಹಿಡದ ನಿಲ್ಲತೈತೋ ಇಲ್ಲೋ ಅನ್ನೋದು ಅದರಾಗ ಗೊತ್ತಾಗಂಗಿಲ್ಲ. ಖಾಲಿ ಚಕ್ಕಡಿ ಎಳದ್ರ ಎತ್ತು ಗಟ್ಟಿ ಅಂತ ಹೇಳಾಕ ಆಗತೈತೇನ್ರಿ? ಕಬ್ಬು ಹೇರಿ ನೋಡಬೇಕು.

ಸೆಟಪ್ ನಡಿಯುವಾಗ ಬೀಳೋದು ಆ ಕಬ್ಬಿನ ಹೇರ. ಪೆನ್‌ಡ್ರೈವಿನ್ಯಾಗ ವಿಂಡೋಸ್ ಇರೋದು ಒತ್ತಿ ತುಂಬಿದ ಒಂದು ದೊಡ್ಡ ಫೈಲಿನೊಳಗ. ಅದನ್ನ ಬಿಚ್ಚಾಕ ಪ್ರೊಸೆಸರ್ ಪೂರ್ತಿ ದುಡೀಬೇಕು, ಬಿಚ್ಚಿದ್ದನ್ನ ಅದ ಹೊತ್ತಿನ್ಯಾಗ ಹಾರ್ಡ್‌ಡಿಸ್ಕ್ ಬರಕೋಬೇಕು. ಪ್ರೊಸೆಸರಿಗೆ ಹೋಗೋ 4 ಪಿನ್ನಿನ ವಾಯರೂ 12 ವೋಲ್ಟ್, ಡಿಸ್ಕಿನ ಮೋಟರೂ 12 ವೋಲ್ಟ್. ಬಯೋಸ್ ಪರದೆ (ವಿಂಡೋಸ್‌ಗಿಂತ ಮೊದಲು ಬರೋ ಸೆಟ್ಟಿಂಗ್ ಪರದೆ) ಮ್ಯಾಲ ತಾಸುಗಟ್ಟಲೆ ಸುಮ್ನ ನಿಲ್ಲೋ ಮಶೀನ್ ಸೆಟಪ್‌ದಾಗ ಮಾತ್ರ ಯಾಕ ಹ್ಯಾಂಗ್ ಆಗತೈತಿ ಅಂದ್ರ ಇದಕ್ಕ.

ಆ 12 ವೋಲ್ಟ್ ಹೆಂಗ ಅಳದದ್ದು ಅಂದ್ರ, ಖಾಲಿ ಉಳದ ದೊಡ್ಡ 4 ಪಿನ್ ಕನೆಕ್ಟರಿನ ಹಳದಿಗೆ ಕೆಂಪು ಪ್ರೋಬ್, ಕರೇದಕ್ಕ ಕರೆ ಪ್ರೋಬ್, ಮೀಟರ್ 20 ವೋಲ್ಟ್ ಡಿಸಿಗೆ. ಬಯೋಸ್‌ದಾಗ 12.02. ಸೆಟಪ್ 10 ಪರ್ಸೆಂಟಿಗೆ 11.74. 40ಕ್ಕ 11.38. 45ಕ್ಕ 11.2. ಆಮ್ಯಾಲ ಹ್ಯಾಂಗ್. ಪಿಸಿ ಎಸ್‌ಎಂಪಿಎಸ್‌ಗೆ ಇರೋ ಎಟಿಎಕ್ಸ್ ನಿಯಮದ ಪ್ರಕಾರ ಹೆಚ್ಚುಕಮ್ಮಿ 5 ಪರ್ಸೆಂಟ್ ನಡೀತೈತಿ, ಅಂದ್ರ 11.40ಕ್ಕಿಂತ ಕೆಳಗ ಇಳೀಬಾರದು. ಅದೂ ಮೀಟರ್ ತೋರಸೋದು ಸರಾಸರಿ. ಒಳಗಿನ ಏರಿಳಿತ 120 ಮಿಲಿವೋಲ್ಟಿನೊಳಗ ಇರಬೇಕು, ಅದನ್ನ ನೋಡಾಕ ಆಸಿಲೋಸ್ಕೋಪ್ ಬೇಕು, ಅದು ಮನಿಯಾಗ ಎಲ್ಲಿಂದ ಬರಬೇಕು? ಆ ಅಂಗಡಿಯಾಗೂ ಇಲ್ಲ. ಅದಕ್ಕ ಬದಲಿ ಹಚ್ಚಿ ನೋಡ್ರಿ ಅಂತ ಕೇಳಿದ್ದು!

ಉಳದದ್ದು ನೋಡದ ಹೋಗಿದ್ದೂ ಅಲ್ಲ. ಎರಡು ಪೆನ್‌ಡ್ರೈವ್ ಆಗ್ಯಾವ, ಎರಡನೇದು ಬ್ಯಾರೆ ಮಶೀನಿನ್ಯಾಗ ಹೊಸದಾಗಿ ಮಾಡಿದ್ದು. ಹಚ್ಚಿದ್ದು ಮುಂದಿನ ಪೋರ್ಟಿಗೆ ಅಲ್ಲ, ಹಿಂದ ಬೋರ್ಡಿಗೇ ಇರೋ ಯುಎಸ್‌ಬಿ 2.0ಕ್ಕ. ಮೆಮೊರಿ ಪಟ್ಟಿ, ಅಂದ್ರ ರಾಮ್, ಅದರ ಕಾಲಿಗೆ ರಬ್ಬರ್ ತಿಕ್ಕಿ ಹಾಕೈತಿ, ಅದನ್ನ ಪರೀಕ್ಷಾ ಮಾಡೋ ಮೆಮ್‌ಟೆಸ್ಟ್ ನಾಲ್ಕು ಪಾಸ್ ಪೂರ್ತಿ, ಒಂದೂ ಎರರ್ ಇಲ್ಲ. ಡಿಸ್ಕ್ ಇನ್ನೊಂದು ಮಶೀನಿಗೆ ಹಚ್ಚಿ ಸ್ಮಾರ್ಟ್ (ಡಿಸ್ಕ್ ತನ್ನ ಆರೋಗ್ಯ ತಾನ ಬರದಿಡೋ ಲೆಕ್ಕಾ) ನೋಡೈತಿ: 05 ಸೊನ್ನಿ, ಸಿ5 ಸೊನ್ನಿ, ಅಂದ್ರ ಕೆಟ್ಟ ಸೆಕ್ಟರ್ ಇಲ್ಲ. ಸಿ7 ಏರಾಕತ್ತಿಲ್ಲ, ಅಂದ್ರ ಡಿಸ್ಕಿಗೆ ಹಚ್ಚೋ ಸಾಟಾ ಕೇಬಲಿನ ತಕರಾರೂ ಅಲ್ಲ. ಪ್ರೊಸೆಸರ್ ತಣ್ಣಗ ಇಡೋ ಪೇಸ್ಟ್ ಹೊಸಾದು. ಹ್ಯಾಂಗ್ ಆದಾಗ ಕ್ಯಾಪ್ಸ್ ಲಾಕ್ ಒತ್ತಿದ್ರ ಲೈಟ್ ಹತ್ತೋದೂ ಇಲ್ಲ, ಆರೋದೂ ಇಲ್ಲ. ಲೈಟ್ ಬದಲಾಗಿದ್ರ ಸೆಟಪ್ ಏನೋ ಕಾಯಾಕತ್ತೈತಿ ಅನ್ನಬಹುದಿತ್ತು, ಇಲ್ಲಿ ಇಡೀ ಮಶೀನ್ ಸತ್ತಂಗ. ಇದೆಲ್ಲಾ ಚೀಟಿಯೊಳಗ ಇತ್ತು. ಚೀಟಿ ಕಪ್ಪಿನ ಕೆಳಗ ಇತ್ತು.

ಮೊದಲು ಅಂವ ಬೋರ್ಡಿನ ಮ್ಯಾಲಿನ ಸೆಲ್ ಬದಲಸ್ರಿ ಅಂದಿದ್ದ. 2032 ಸೆಲ್ ಇಳದ್ರ ತಾರೀಖು ತಪ್ಪತೈತಿ, ಬಯೋಸ್ ಸೆಟ್ಟಿಂಗ್ ಹೋಗತಾವ. 47ಕ್ಕ ಬಂದು ಹ್ಯಾಂಗ್ ಆಗಂಗಿಲ್ಲ. ಆಮ್ಯಾಲ, ಹಳೇ ಬೋರ್ಡಿಗೆ ವಿಂಡೋಸ್ 11 ಹತ್ತಂಗಿಲ್ಲ, ಅದಕ್ಕ ಹಿಂಗ ಆಗತೈತಿ ಅಂದ. ಹಾಕಾಕತ್ತಿದ್ದು 10! ವಿಂಡೋಸ್ 10ಕ್ಕ 2025ರ ಅಕ್ಟೋಬರ್ 14ಕ್ಕ ಸಪೋರ್ಟ್ ಮುಗದೈತಿ, ಖರೆ. ನಾಲ್ಕನೇ ಜನರೇಷನ್ ಐ3 ಮೈಕ್ರೋಸಾಫ್ಟಿನ 11ರ ಯಾದಿಯಾಗ ಇಲ್ಲ, ಅದೂ ಖರೆ. ಆದ್ರ ಹೊಂದದ ಮಶೀನಿಗೆ 11 ಹಾಕಾಕ ಹೋದ್ರ ಸೆಟಪ್ ಈ ಪಿಸಿಯಾಗ ನಡಿಯಂಗಿಲ್ಲ ಅಂತ ಬರದು ತೋರಸತೈತಿ, ಬಾಯಿ ಮುಚ್ಚಿ ಅರ್ಧಕ್ಕ ಸಾಯಂಗಿಲ್ಲ. ಎರಡು ಬ್ಯಾರೆ ಮಾತು ಕೂಡಿಸಿ ಬೋರ್ಡ್, ಪ್ರೊಸೆಸರ್, ರಾಮ್ ಮೂರೂ ಹೊಸಾವು, ಹದಿನೆಂಟು ಸಾವಿರ ಅಂತ ಬರದು ಕೊಟ್ಟ. ಬರದದ್ದು ಎಲ್ಲಿ? ಆ ಚೀಟಿ ಹಿಂದಿನ ಮಗ್ಗಲಕ್ಕ.

ಇರಲಿ ಬಿಡ್ರಿ. ಬೋರ್ಡೂ ಹೋಗಿರಬಹುದು. ಪ್ರೊಸೆಸರ್ ಮಗ್ಗಲದಾಗಿನ, ವೋಲ್ಟೇಜ್ ಸಮ ಇಡೋ ಕ್ಯಾಪಾಸಿಟರ್ ಒಣಗಿದ್ರೂ ಹಿಂಗ ಆಗತೈತಿ, ಅದನ್ನ ಮೀಟರಿನ್ಯಾಗ ಹೊರಗಿಂದ ಹೇಳಾಕ ಆಗಂಗಿಲ್ಲ. ಹತ್ತು ವರ್ಷದ್ದು ಮಶೀನ್, ಎಷ್ಟ ದಿನ ದುಡೀತೈತಿ. ಅಂವಗೂ ಅಂಗಡಿ ಬಾಡಿಗಿ ಐತಿ, ಇಪ್ಪತ್ತು ನಿಮಿಷದ ಕೆಲಸದಾಗ ಏನ್ ಸಿಗತೈತಿ.

ಆದ್ರ ಇಲ್ಲ, ಬಿಡಾಕ ಆಗವಲ್ದು. ಬೋರ್ಡ್ ಹೋಗಿದ್ರ ಬದಲಿ ಎಸ್‌ಎಂಪಿಎಸ್ ಹಚ್ಚಿದ ಮ್ಯಾಲೂ 47ಕ್ಕ ನಿಲ್ಲತೈತಿ, ಅವನ ಮಾತ ಗೆಲ್ಲತೈತಿ. ನೋಡದ ಹೇಳಿದ್ದಕ್ಕ ಹದಿನೆಂಟು ಸಾವಿರ ಯಾಕ ಕೊಡಬೇಕು? ನಮ್ಮ ಬಾಗಲಕೋಟಿ ಬ್ಯಾಸಿಗಿ ಯಾರಿಗೆ ಗೊತ್ತಿಲ್ಲ, 40 ಡಿಗ್ರಿ ದಾಟತೈತಿ. ಫ್ಯಾನಿಗೆ ಧೂಳ ಕೂತ ಡಬ್ಬಿ ಒಳಗ ಇನ್ನೂ ಜಾಸ್ತಿ. 10 ಡಿಗ್ರಿ ಏರಿದ್ರ ಎಸ್‌ಎಂಪಿಎಸ್ ಒಳಗಿನ ಕ್ಯಾಪಾಸಿಟರಿನ ಆಯುಷ್ಯ ಅರ್ಧ ಅಂತ ಲೆಕ್ಕಾ ಹಿಡೀತಾರ. ಮ್ಯಾಲ ಕರೆಂಟ್ ಹೋಗೋದು ಬರೋದು. ಮೊದಲು ಸಾಯೋದು ಎಸ್‌ಎಂಪಿಎಸ್ ಅಂತ ಈ ಊರಾಗ ರಿಪೇರಿ ಮಾಡೋರಿಗೆ ಯಾರರ ಹೇಳಿಕೊಡಬೇಕೇನು? ಈ ಅಂಗಡಿಯಿಂದ ಎಷ್ಟ ಮಂದಿ ಚಲೋ ಬೋರ್ಡ್ ಗುಜರಿಗೆ ಹಾಕಿ ಹೋಗ್ಯಾರ? ಅಂಗಡಿ ಇಟ್ಟವರು ಇದನ್ನ ಓದಾಕತ್ತಿದ್ರ ಉತ್ತರ ಕೊಡ್ರಿ. ಲೋಡ್ ಹಾಕದ ಫ್ಯಾನ್ ತಿರುಗಿಸಿ ತೋರಸೋದು ಯಾವ ಟೆಸ್ಟ್?

ಮತ್ತ ಒಂದು ಮಾತು, ಸಿಟ್ಟಿನ್ಯಾಗ ಯಾರೂ ಎಸ್‌ಎಂಪಿಎಸ್ ಡಬ್ಬಿ ಬಿಚ್ಚಬ್ಯಾಡ್ರಿ. ಪ್ಲಗ್ ಕಿತ್ತ ಮ್ಯಾಲೂ ಒಳಗಿನ ದೊಡ್ಡ ಕ್ಯಾಪಾಸಿಟರಿನ್ಯಾಗ 300 ವೋಲ್ಟಿಗಿಂತ ಜಾಸ್ತಿ ಉಳದಿರಬಹುದು. ಹೊರಗಿನ ಕನೆಕ್ಟರಿನ್ಯಾಗ ಅಳದ್ರ ಸಾಕು.

ಬಾಗಲಕೋಟಿಯ ನವನಗರದಾಗ, ವಿದ್ಯಾಗಿರಿಯಾಗ ಯಾರ ಹತ್ರರ 450 ವ್ಯಾಟಿನ ಚಾಲೂ ಎಸ್‌ಎಂಪಿಎಸ್ ಇದ್ರ ಹೇಳ್ರಿ. 24 ಪಿನ್, ಪ್ರೊಸೆಸರಿನ 4 ಪಿನ್, ಒಂದು ಸಾಟಾ, ಮೂರು ವಾಯರ್ ಹಚ್ಚಿದ್ರ ಆತು. ನಿಮ್ಮದನ್ನ ಬಿಚ್ಚಿ ಹೊರಗ ತಗಿಯೂದೂ ಬ್ಯಾಡ, ಮಗ್ಗಲದಾಗ ಇಟ್ಟು ವಾಯರ್ ಎಳಕೊಂಡು ಹಚ್ಚೂಣು. ಮಶೀನ್ ಹೊತ್ಕೊಂಡು ನಾನ ಬರ್ತೀನಿ. ಇಪ್ಪತ್ತು ನಿಮಿಷ.