ಡಬ್ಬಿಯ ಹಿಂಬದಿ

ಮೊನ್ನೆ ಅತ್ತಿಗೆ ಊರಿಂದ ಬಂದಾಗ ನನ್ನ ಎರಡೂವರೆ ವರ್ಷದ ಮಗಳಿಗೆ ಅಂತ ಹಾಲಿಗೆ ಬೆರೆಸುವ ಪುಡಿಯ ದೊಡ್ಡ ಡಬ್ಬಿ ತಂದಿದ್ದರು. "ಮಗು ತುಂಬಾ ಸಣ್ಣಗಿದೆ ಕಣೇ, ಇದರಲ್ಲಿ ಎಲ್ಲಾ ವಿಟಮಿನ್ ಇದೆಯಂತೆ, ಕೊಟ್ಟು ನೋಡು" ಅಂದರು. ಪ್ರೀತಿಯಿಂದಲೇ ತಂದಿದ್ದು.

ರಾತ್ರಿ ಮಗು ಮಲಗಿದ ಮೇಲೆ ಡಬ್ಬಿ ತಿರುಗಿಸಿ ಓದಿದೆ. ಮುಂದುಗಡೆ ಅಕ್ಷರ ಹೆಬ್ಬೆರಳಷ್ಟು ದಪ್ಪ, ಹಿಂದುಗಡೆಯದು ಸಾಸಿವೆಗಿಂತ ಸಣ್ಣ, ಮೊಬೈಲ್ ಟಾರ್ಚ್ ಹಾಕಬೇಕಾಯಿತು. 100 ಗ್ರಾಂ ಪುಡಿಯಲ್ಲಿ ಸೇರಿಸಿದ ಸಕ್ಕರೆಯೇ 32 ಗ್ರಾಂ. ಒಂದು ಲೋಟಕ್ಕೆ 20 ಗ್ರಾಂ ಪುಡಿ, ದಿನಕ್ಕೆ ಎರಡು ಲೋಟ ಕೊಡಿ ಅಂತ ಅಲ್ಲೇ ಬರೆದಿದೆ. ಲೆಕ್ಕ ಹಾಕಿ, ದಿನಕ್ಕೆ ಸುಮಾರು ಮೂರು ಚಿಕ್ಕ ಚಮಚ ಸಕ್ಕರೆ.

ವಿಟಮಿನ್ ವಿಷಯಕ್ಕೆ ಬರ್ತೀನಿ. ಡಬ್ಬಿಯಲ್ಲಿ ವಿಟಮಿನ್ ಡಿ ಇದೆ, ನಿಜ. ವಿಟಮಿನ್ ಡಿ ಮೂಳೆಗೆ ಬೇಕು, ಅದೂ ನಿಜ. ಈ ಪುಡಿ ಕುಡಿದರೆ ನಮ್ಮ ಮಗು ಎತ್ತರ ಬೆಳೆಯುತ್ತದೆ ಅನ್ನೋದನ್ನ ಮಾತ್ರ ನಾವೇ ಸೇರಿಸಿಕೊಳ್ಳುತ್ತೇವೆ, ಡಬ್ಬಿಯಲ್ಲಿ ಇರುವುದು "ನೆರವಾಗುತ್ತದೆ" ಅಂತಷ್ಟೇ. ಕೊರತೆ ಇರುವ ಮಗುವಿಗೆ ಆ ವಿಟಮಿನ್ ಕೊಟ್ಟರೆ ಗುಣ ಕಾಣುತ್ತದೆ. ಕೊರತೆಯೇ ಇಲ್ಲದ ಮಗುವಿಗೆ ಕೊಡೋದು ತುಂಬಿದ ಕೊಡಕ್ಕೆ ನೀರು ಸುರಿದ ಹಾಗೆ. ಸಿ ಜಾಸ್ತಿಯಾದರೆ ಹೆಚ್ಚಿನದು ಮೂತ್ರದಲ್ಲಿ ಹೋಗುತ್ತದೆ, ಆದರೆ ಎ ಮತ್ತು ಡಿ ಹಾಗೆ ಹೋಗುವುದಿಲ್ಲ, ಮೈಯಲ್ಲೇ ಉಳಿಯುತ್ತವೆ. ಎ ಅತಿಯಾದರೆ ಲಿವರ್‌ಗೆ ಪೆಟ್ಟು. ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ತೊಂದರೆ. ಮಿಠಾಯಿ ಥರ ಇರುವ ವಿಟಮಿನ್ ಗಮ್ಮಿ ಬಾಟಲಿಯನ್ನು ದಯವಿಟ್ಟು ಮಕ್ಕಳ ಕೈಗೆ ಸಿಗುವ ಹಾಗೆ ಇಡಬೇಡಿ.

ಇಂಥ ಪುಡಿಗಳನ್ನು "ಹೆಲ್ತ್ ಡ್ರಿಂಕ್" ಅಂತ ಹಾಕಬೇಡಿ ಅಂತ 2024ರ ಏಪ್ರಿಲ್‌ನಲ್ಲೇ ಆನ್‌ಲೈನ್ ಅಂಗಡಿಗಳಿಗೆ ಸರ್ಕಾರ ಹೇಳಿದೆ. ನಮ್ಮ ಆಹಾರ ಕಾನೂನಿನಲ್ಲಿ ಆ ಹೆಸರಿಗೆ ಅರ್ಥವೇ ಕೊಟ್ಟಿಲ್ಲ. ನಮ್ಮ ಮನೆಗಳಲ್ಲಿ ಮಾತ್ರ ಇನ್ನೂ ಅದೇ ಹೆಸರು.

ನನಗೆ ನಿಜವಾಗಿ ಸಂಕಟ ಆಗೋದು ಬೇರೆ ವಿಷಯಕ್ಕೆ. ಚಿಕ್ಕ ಮಕ್ಕಳಿಗೆ ಬೇಕಾದ ಕೆಲವು ಹನಿ ನಿಜಕ್ಕೂ ಇವೆ. ಎದೆಹಾಲಲ್ಲಿ ವಿಟಮಿನ್ ಡಿ ಸಾಲುವುದಿಲ್ಲ, ಅದಕ್ಕೇ ಮೊದಲ ವರ್ಷ ಪೂರ್ತಿ ದಿನಕ್ಕೆ 400 ಯೂನಿಟ್ ಡ್ರಾಪ್ಸ್ ಬರೆಯುತ್ತಾರೆ. ಒಂಬತ್ತು ತಿಂಗಳಿಂದ ಐದು ವರ್ಷದವರೆಗೆ ವಿಟಮಿನ್ ಎ, ಆರು ತಿಂಗಳಿಗೊಮ್ಮೆ. ಮತ್ತೆ ಕಬ್ಬಿಣದ ಸಿರಪ್, ವಾರಕ್ಕೆ ಎರಡು ಸಲ 1 ಎಂಎಲ್. ಎ ಮತ್ತು ಸಿರಪ್ಪಿಗೆ ದುಡ್ಡೂ ಕೊಡಬೇಕಿಲ್ಲ, ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಸಾಕು. ಆದರೆ ಸಿರಪ್ ಶುರುವಾದ ಮೂರನೇ ದಿನ ಕಕ್ಕ ಕಪ್ಪಗಾಯಿತು ಅಂತ ಹೆದರಿ ನಿಲ್ಲಿಸುವವರು ಎಷ್ಟು ಜನ! ಕಪ್ಪಗಾಗೋದು ಸಹಜ, ನಿಲ್ಲಿಸಬೇಡಿ. ನಾನೂ ಮೊದಲು ಸಿರಪ್ ಕುಡಿಸಿ ಮೇಲೆ ಹಾಲು ಕೊಡುತ್ತಿದ್ದೆ. ಹಾಲಿನ ಜೊತೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ ಅಂತ ಮಕ್ಕಳ ಡಾಕ್ಟರ್ ಹೇಳಿದ ಮೇಲೆ ಗೊತ್ತಾಯಿತು. ಈಗ ಸಿರಪ್ಪಿಗೂ ಹಾಲಿಗೂ ನಡುವೆ ಎರಡು ಗಂಟೆ ಬಿಡುತ್ತೇನೆ. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡುತ್ತೇನೆ, ಅದರ ವಿಟಮಿನ್ ಸಿ ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಸಹಾಯ ಮಾಡುತ್ತದೆ. ಕ್ಯಾಲ್ಸಿಯಂ ಬೇಕಾ? ರಾಗಿ ಹಿಟ್ಟು ಇದೆಯಲ್ಲ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ.

ಬೆಳಿಗ್ಗೆ ಅತ್ತಿಗೆಗೆ ತಾಯಿ ಕಾರ್ಡ್ ತೆಗೆದು ತೋರಿಸಿದೆ. ಅದರಲ್ಲಿ ತೂಕದ ಚಾರ್ಟ್ ಇರುತ್ತೆ ಅಲ್ವಾ, ಮಗಳ ಚುಕ್ಕಿಗಳೆಲ್ಲ ಹಸಿರು ಪಟ್ಟಿಯೊಳಗೇ ಮೇಲೇರಿವೆ. ಸಣ್ಣಗಿದ್ದಾಳೆ, ಆದರೆ ಸರಿಯಾಗೇ ಬೆಳೆಯುತ್ತಿದ್ದಾಳೆ. ಅತ್ತಿಗೆ ಆ ಗೆರೆಯ ಮೇಲೆ ಬೆರಳಿಟ್ಟು ಸುಮಾರು ಹೊತ್ತು ನೋಡಿದರು. ಆಮೇಲೆ, "ನಮ್ಮ ಪುಟ್ಟನ ಕಾರ್ಡ್ ಎಲ್ಲಿಟ್ಟಿದ್ದೀನೋ, ಹೋದ ತಕ್ಷಣ ಹುಡುಕಬೇಕು" ಅಂದರು.