ಮುಗಿಯದ ಕಥೆಗೆ ತಿಂಗಳ ಕಾಣಿಕೆ

ಬಳ್ಳಾರಿಯ ಗಾಂಧಿನಗರದಿಂದ ಕೌಲ್ ಬಜಾರಿನವರೆಗೆ, ಒಳ್ಳೆಯ ಲ್ಯಾಪ್‌ಟಾಪ್ ಉಳ್ಳ ಪದವೀಧರ ತರುಣರ ನಡುವೆ ಹೊಸದೊಂದು ವಿಮರ್ಶಾ ಪಂಥ ತಲೆಯೆತ್ತಿದೆ. ಈ ಪಂಥದವರು ಕಾದಂಬರಿ ಓದುವುದಿಲ್ಲ, ನಾಟಕಕ್ಕೂ ಹೋಗುವುದಿಲ್ಲ. ಆದರೆ ಪಾತ್ರಪೋಷಣೆ, ಕಥನತಂತ್ರ, ಬೆಳಕಿನ ವಿನ್ಯಾಸ ಮುಂತಾದ ಮಾತುಗಳನ್ನು ಕನ್ನಡ ಎಂ.ಎ. ಅಧ್ಯಾಪಕರೂ ನಾಚುವಷ್ಟು ಸಲೀಸಾಗಿ ಬಳಸುತ್ತಾರೆ. ಅವರ ವಿಮರ್ಶೆಗೆ ವಸ್ತುವಾಗಿರುವುದು ‘ವಯಸ್ಕರಿಗೆ ಮಾತ್ರ’ ಎಂಬ ಎಚ್ಚರಿಕೆಯೊಡನೆ ತೆರೆದುಕೊಳ್ಳುವ ಒಂದು ವಿಷುಯಲ್ ನಾವೆಲ್ ಆಟ. ಅದರ ಆವೃತ್ತಿ ಸಂಖ್ಯೆ ಸದ್ಯಕ್ಕೆ 0.6. ಪೂರ್ತಿಯಾದ ಆಟಕ್ಕೆ ಸಲ್ಲುವ ಒಂದು ಎಂಬ ಅಂಕಿಯನ್ನು ಮುಟ್ಟುವ ಮೊದಲೇ ಅದು ಮಹಾಕೃತಿಯೆಂದು ತೀರ್ಮಾನವಾಗಿಬಿಟ್ಟಿದೆ.

ಜಪಾನಿನಲ್ಲಿ ಬೆಳೆದು ಬಂದ ಈ ಪ್ರಕಾರದಲ್ಲಿ ಆಡುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ಪರದೆಯ ತುಂಬ ಒಂದು ಚಿತ್ರ, ಅದರ ಕೆಳಗೆ ಎರಡು ಸಾಲಿನ ಮಾತು, ಗುಂಡಿ ಒತ್ತಿದರೆ ಮುಂದಿನ ಮಾತು. ನಮ್ಮ ಆಟದ ನಾಯಕ ವರ್ಷಗಟ್ಟಲೆ ಹೊರಗಿದ್ದು ಊರಿಗೆ ಮರಳುತ್ತಾನೆ. ಅವನಿಗೆ ಬಾಡಿಗೆಗೆ ಸಿಕ್ಕ ಮನೆಯಲ್ಲಿ ಅವನನ್ನು ಬಿಟ್ಟರೆ ಉಳಿದವರೆಲ್ಲ ಹೆಂಗಸರೇ. ಅವರೆಲ್ಲರಿಗೂ 18 ದಾಟಿದೆಯೆಂಬ ಪ್ರಮಾಣವಚನ ಮೊದಲ ಪರದೆಯಲ್ಲೇ ಇದೆ. ಮಹಡಿಯ ಮೇಲೆ ಬೀಗ ಹಾಕಿದ ಒಂದು ಕೋಣೆಯಿದೆ. ಆವೃತ್ತಿ 0.3ರಲ್ಲಿ ನಾಯಕ ಆ ಬೀಗವನ್ನು ನೋಡುತ್ತಾನೆ, 0.4ರಲ್ಲಿ ಅದಕ್ಕೊಂದು ಕೀಲಿಕೈ ಇರುವುದು ತಿಳಿಯುತ್ತದೆ, 0.5ರಲ್ಲಿ ಕೀಲಿಕೈ ಕಳೆದುಹೋಗುತ್ತದೆ, 0.6ರಲ್ಲಿ ಅದು ಸಿಕ್ಕಿ, ಬೀಗದೊಳಗೆ ತಿರುಗುವ ಸದ್ದು ಕೇಳಿಸುತ್ತಿದ್ದಂತೆಯೇ ಪರದೆ ಕಪ್ಪಾಗಿ, ‘ಮುಂದುವರಿಯುವುದು’ ಎಂಬ ಸೂಚನೆಯೂ ಹಣ ಕಳಿಸಬೇಕಾದ ವಿಳಾಸವೂ ಒಟ್ಟಿಗೆ ಮೂಡುತ್ತವೆ. ನಡುವೆ ಆಗೊಮ್ಮೆ ಈಗೊಮ್ಮೆ ‘ಸತ್ಯ ಹೇಳು’, ‘ಸುಮ್ಮನಿರು’ ಎಂಬಂಥ ಆಯ್ಕೆಗಳು ಬರುತ್ತವೆ. ಯಾವುದನ್ನು ಒತ್ತಿದರೂ ನಾಯಕಿ ‘ನನಗೆ ಮೊದಲೇ ಗೊತ್ತಿತ್ತು’ ಎನ್ನುತ್ತಾಳೆ. ಇದು ಮನುಷ್ಯನ ಇಚ್ಛೆಯ ನಿರರ್ಥಕತೆಯನ್ನು ಕುರಿತ ದಾರ್ಶನಿಕ ಟಿಪ್ಪಣಿಯೆಂದು ನಮ್ಮ ವಿಮರ್ಶಕರು ವ್ಯಾಖ್ಯಾನಿಸುತ್ತಾರೆ. ಎರಡನೆಯ ಉತ್ತರವನ್ನು ಬರೆಯಲು ಲೇಖಕನಿಗೆ ಬೇಸರವಾಗಿರಬಹುದೆಂಬ ಅನುಮಾನ ಅವರಲ್ಲಿ ಯಾರಿಗೂ ಬಂದಂತಿಲ್ಲ.

ಚಿತ್ರಕಲೆಯ ವಿಷಯದಲ್ಲಿ ಮಾತ್ರ ಇಂಥ ಬೇಸರ ಕಾಣುವುದಿಲ್ಲ. ಡ್ಯಾಜ್ ಸ್ಟುಡಿಯೋ ಎಂಬ ತಂತ್ರಾಂಶದಲ್ಲಿ ಬಳಸಲು ಸಿದ್ಧ ದೇಹ, ಸಿದ್ಧ ಕೂದಲು, ಸಿದ್ಧ ಸೋಫಾ ಎಲ್ಲವೂ ಕ್ರಯಕ್ಕೆ ದೊರೆಯುವುದರಿಂದ, ಈ ಆಟದಲ್ಲಿ ಮನೆಯೊಡತಿಯಾಗಿರುವವಳು ಇನ್ನೊಂದು ಆಟದಲ್ಲಿ ವೈದ್ಯೆಯಾಗಿಯೂ ಮತ್ತೊಂದರಲ್ಲಿ ಗೂಢಚಾರಿಣಿಯಾಗಿಯೂ ಜಡೆ ಬದಲಿಸಿಕೊಂಡು ಕಾಣಿಸಿಕೊಳ್ಳುತ್ತಾಳೆ. ಕಿಟಕಿಯಿಂದ ಬಂದ ಬಿಸಿಲು ಅವಳ ಕೆನ್ನೆಯ ಬೆವರ ಹನಿಯಲ್ಲಿ ಹೇಗೆ ಚದುರಬೇಕೆಂಬುದನ್ನು ಕಂಪ್ಯೂಟರು ಕಿರಣ ಕಿರಣವಾಗಿ ಲೆಕ್ಕ ಹಾಕಬೇಕಾಗುತ್ತದೆ. ಅದಕ್ಕೆ ಗಂಟೆಗಟ್ಟಲೆ ಸಮಯ ಹಿಡಿಯುತ್ತದೆ, ಅವಸರಪಟ್ಟು ನಡುವೆ ನಿಲ್ಲಿಸಿದರೆ ಚಿತ್ರದ ಮೇಲೆ ಮರಳು ಎರಚಿದಂತೆ ಚುಕ್ಕೆಗಳು ಉಳಿಯುತ್ತವೆ. ಇಷ್ಟೆಲ್ಲ ಆಗಿ ಮೂಡಿದ ಆ ದಿವ್ಯ ಬೆವರಿನ ಕೆಳಗೆ ‘ಇವತ್ತು ಸೆಕೆ ಜಾಸ್ತಿ’ ಎಂಬ ಮಾತಿರುತ್ತದೆ. ಬಳ್ಳಾರಿಯವರಿಗೆ ಇದನ್ನು ಯಾರೂ ಹಣ ಪಡೆದು ಹೇಳಬೇಕಾಗಿಲ್ಲ. ಹೊಸ ಆವೃತ್ತಿಯೊಡನೆ ಬರುವ ಪ್ರಕಟಣೆಯಲ್ಲಿ ಚಿತ್ರಗಳೆಷ್ಟು, ಚಲಿಸುವ ದೃಶ್ಯಗಳೆಷ್ಟು ಎಂಬ ಲೆಕ್ಕ ತಪ್ಪದೆ ಇರುತ್ತದೆ. ಕಥೆ ಎಷ್ಟು ಮುಂದೆ ಹೋಯಿತೆಂಬ ಲೆಕ್ಕವನ್ನು ಕೊಡುವವರೂ ಇಲ್ಲ, ಕೇಳುವವರೂ ಇಲ್ಲ.

ಇದರ ಅರ್ಥಶಾಸ್ತ್ರ ಸರಳವಾಗಿದೆ. 2004ರಲ್ಲಿ ಬಂದ ರೆನ್‌ಪೈ ಎಂಬ ಉಚಿತ ತಂತ್ರಾಂಶದಿಂದ ಇಂಥ ಆಟವನ್ನು ಒಬ್ಬನೇ ಕುಳಿತು ಕಟ್ಟಬಹುದಾಯಿತು. 2013ರಲ್ಲಿ ಶುರುವಾದ ಪೇಟ್ರಿಯಾನ್ ಎಂಬ ಜಾಲತಾಣದಿಂದ ಅಭಿಮಾನಿಗಳು ತಿಂಗಳು ತಿಂಗಳು ಕಾಣಿಕೆ ಸಲ್ಲಿಸಬಹುದಾಯಿತು. ಎರಡೂ ಒಳ್ಳೆಯವೇ. ಆದರೆ ಎರಡೂ ಕೂಡಿದಾಗ, ಕಥೆ ಮುಗಿಸಿದವನಿಗೆ ಸಿಗುತ್ತಿದ್ದ ಸಂಭಾವನೆ ಮುಗಿಸದವನಿಗೆ ಸಿಗತೊಡಗಿತು. ಬಾಗಿಲು ತೆರೆದ ತಿಂಗಳೇ ಆದಾಯ ನಿಲ್ಲುವುದೆಂದು ತಿಳಿದವನು ಆ ಬಾಗಿಲನ್ನು ತೆರೆಯುವಷ್ಟು ದಡ್ಡನಾಗಿರಲಾರ. ಆದ್ದರಿಂದ 0.7 ಬರಬೇಕಾದ ಹೊತ್ತಿಗೆ, ತನ್ನ ಕೌಶಲ ಈಗ ಬಹಳ ಸುಧಾರಿಸಿರುವುದರಿಂದ ಮೊದಲ ಅಧ್ಯಾಯಗಳ ಚಿತ್ರಗಳನ್ನೆಲ್ಲ ಹೊಸದಾಗಿ ಮಾಡುವುದಾಗಿ ಲೇಖಕ ಘೋಷಿಸಿದ್ದಾನೆ. ಹಳೆಯ ಸೇವ್‌ಗಳು, ಅಂದರೆ ಆಟ ನಿಲ್ಲಿಸಿದ ಜಾಗದ ಗುರುತುಗಳು, ಹೊಸ ಆವೃತ್ತಿಯಲ್ಲಿ ತೆರೆಯುವುದಿಲ್ಲವಾದ್ದರಿಂದ, ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ಉತ್ಪಾದಿಸಿದ ವಿದ್ಯುತ್ತಿನಲ್ಲಿ ನಮ್ಮ ತರುಣರು ಕಂಟ್ರೋಲ್ ಗುಂಡಿಯನ್ನು ಅದುಮಿ ಹಿಡಿದು, ತಾವು ಮೆಚ್ಚಿ ಹೊಗಳಿದ ಸಂಭಾಷಣೆಯನ್ನೆಲ್ಲ ಓದದೆ ಓಡಿಸಿಕೊಂಡು ಮತ್ತೆ ಅದೇ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಕೊಪ್ಪಳದ ಅಭಿಮಾನಿಗಳ ತಾಳ್ಮೆಯಂತೂ ಇನ್ನೂ ದೊಡ್ಡದು. ನವಲಿಯಲ್ಲಿ ಕಟ್ಟಲಿರುವ ಸಮಾನಾಂತರ ಜಲಾಶಯದ ಸುದ್ದಿಯನ್ನು ವರ್ಷಗಳಿಂದ ಓದುತ್ತ ಬಂದವರು ಅವರು.

ಬಳ್ಳಾರಿಯ ಜೀನ್ಸ್ ಹೊಲಿಯುವವರು ಇನ್ನೂ ಈ ವ್ಯಾಪಾರಧರ್ಮವನ್ನು ಅರಿತಿಲ್ಲ. ಅರಿತಿದ್ದರೆ ಒಂದೇ ಕಾಲಿನ ಪ್ಯಾಂಟನ್ನು ಆವೃತ್ತಿ 0.5 ಎಂದು ಕೊಟ್ಟು, ಎರಡನೆಯ ಕಾಲಿಗಾಗಿ ತಿಂಗಳ ಚಂದಾ ಎತ್ತಿ, ವರ್ಷದ ಕೊನೆಗೆ ಮೊದಲ ಕಾಲಿನ ಜೇಬನ್ನೇ ಬಿಚ್ಚಿ ಮತ್ತಷ್ಟು ಸೊಗಸಾಗಿ ಹೊಲಿದುಕೊಡುತ್ತಿದ್ದರು.

ಇದನ್ನು ಹೇಳಿದಾಗ ಪಂಥದ ಹಿರಿಯ ವಿಮರ್ಶಕನೊಬ್ಬ, ಅಂದರೆ ಇಪ್ಪತ್ತಾರರ ತರುಣ, ತನ್ನ ಬ್ರಹ್ಮಾಸ್ತ್ರವನ್ನೇ ತೆಗೆದ: “ಕುಮಾರವ್ಯಾಸನೂ ಹತ್ತೇ ಪರ್ವ ಬರ್ದು ನಿಲ್ಸಿದ್ನಲ್ಲ ಸಾರ್, ಅವನನ್ನ ಯಾರಾದ್ರೂ ಬೈತಾರಾ?” ನಿಜ, ಯಾರೂ ಬೈಯುವುದಿಲ್ಲ. ಉಳಿದ ಪರ್ವಗಳನ್ನು ತಿಮ್ಮಣ್ಣ ಕವಿ ಕೃಷ್ಣದೇವರಾಯನ ಕಾಲದಲ್ಲಿ ಪೂರೈಸಿದ್ದೂ ನಿಜ. ಆದರೆ ಆ ಹತ್ತನೆಯದಾದ ಗದಾಪರ್ವದಲ್ಲಿ ದುರ್ಯೋಧನನ ತೊಡೆ ಮುರಿದಾಗಿದೆ; ಭೀಮನ ಗದೆಯನ್ನು ಗಾಳಿಯಲ್ಲೇ ನಿಲ್ಲಿಸಿ, ಹೊಡೆತ ಬೀಳಬೇಕಾದರೆ ಗದುಗಿಗೆ ಹಣ ಕಳಿಸಿರಿ ಎಂದು ಕವಿ ಕೇಳಲಿಲ್ಲ. ಅಲ್ಲದೆ, ಒಮ್ಮೆ ಇಟ್ಟ ಪದವನ್ನು ಅಳಿಸದಿರುವುದೇ ತನ್ನ ಅಗ್ಗಳಿಕೆಯೆಂದು ಹೇಳಿಕೊಂಡವನು ಅವನು. ಕೈ ಪಳಗಿತೆಂಬ ಕಾರಣಕ್ಕೆ ಆದಿಪರ್ವವನ್ನು ಮತ್ತೆ ಬರೆಯಲು ಕುಳಿತಿದ್ದರೆ, ತಿಮ್ಮಣ್ಣನಿಗೆ ಎಂಟರ ಬದಲು ಹದಿನೇಳು ಪರ್ವಗಳ ಕೆಲಸ ಬೀಳುತ್ತಿತ್ತು.

2025ರ ಜುಲೈನಲ್ಲಿ ಹಣ ಪಾವತಿ ಸಂಸ್ಥೆಗಳ ಒತ್ತಡದಿಂದ ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಮಳಿಗೆ ಕೆಲವು ವಯಸ್ಕರ ಆಟಗಳನ್ನು ತೆಗೆದುಹಾಕಿತು, ಇಚ್ ಡಾಟ್ ಐಓ ಎಂಬ ಇನ್ನೊಂದು ಮಳಿಗೆ ಅಂಥ ಆಟಗಳನ್ನು ಹುಡುಕಿದರೂ ಸಿಗದಂತೆ ಮಾಡಿತು. ವಯಸ್ಕರು ಏನನ್ನು ನೋಡಬೇಕೆಂಬುದನ್ನು ಕಾರ್ಡ್ ಕಂಪನಿಗಳು ನಿರ್ಧರಿಸುವುದು ಇನ್ನೊಂದು ದೊಡ್ಡ ತಮಾಷೆ. ನಮ್ಮ ಲೇಖಕನಿಗಾದರೋ ಅದು ದೈವ ಕಳಿಸಿದ ನೆಪವಾಯಿತು. ಮನನೊಂದಿರುವ ಕಾರಣ 0.7 ತಡವಾಗುವುದೆಂದು ತಿಳಿಸಿದ ಆತ, ಅಲ್ಲಿಯವರೆಗೆ ಚಂದಾದಾರರ ಬೇಸರ ಕಳೆಯಲು ಒಂದು ಮತದಾನವನ್ನು ಏರ್ಪಡಿಸಿದ. ಮನೆಯೊಡತಿಗೆ ಹೊಸ ಸೀರೆ ಉಡಿಸಬೇಕೆ, ಮನೆಗೆ ಈಜುಕೊಳ ಕಟ್ಟಿಸಬೇಕೆ, ಇನ್ನೊಬ್ಬ ಬಾಡಿಗೆದಾರಳನ್ನು ತರಬೇಕೆ ಎಂಬ ಮೂರು ಆಯ್ಕೆಗಳಿದ್ದವು. ಕೋಣೆಯ ಬಾಗಿಲಿನ ಮಾತು ಅವುಗಳಲ್ಲಿ ಇರಲಿಲ್ಲ. ಬಳ್ಳಾರಿಯ ವಿಮರ್ಶಕರು ಒಕ್ಕೊರಲಿನಿಂದ ಈಜುಕೊಳಕ್ಕೆ ಮತ ಹಾಕಿದ್ದಾರೆ. ನೀರಿನ ಮೇಲೆ ಬೆಳಕು ಬೀಳುವ ಚಿತ್ರವನ್ನು ಸಿದ್ಧಪಡಿಸಲು ಬಹಳ ಸಮಯ ಬೇಕಾಗುತ್ತದೆಂಬುದು ಅವರಿಗೆ ಚೆನ್ನಾಗಿ ಗೊತ್ತು.